ಮಗನ ಬೇಸ್‌ಬಾಲ್ ಡ್ರಾಫ್ಟ್: ಅವನ ಮಟ್ಟ ನಿಜವಾಗಿ ಎಷ್ಟು ಅಂತ ತಿಳಿಯುವುದು ಹೇಗೆ? ಅನುಭವ ಇದ್ದವರು ಹೇಳಿ

ಅಟ್ಲಾಂಟಾ ಅಪ್ಪ
ಎಲ್ಲರಿಗೂ ನಮಸ್ಕಾರ. ಮಗನಿಗೆ 17 ವರ್ಷ, ಬಲಗೈ ಪಿಚ್ಚರ್ (ಚೆಂಡು ಎಸೆಯುವವನು). ಫಾಸ್ಟ್‌ಬಾಲ್ ಗಂಟೆಗೆ 90-91 ಮೈಲಿ, ಆಗೀಗ 93 ಮುಟ್ಟುತ್ತದೆ. ಕಾಲೇಜು ತಂಡಕ್ಕೆ ಮಾತು ಕೊಟ್ಟಾಗಿದೆ. ಈಗ ಡ್ರಾಫ್ಟಿಗಾಗಿ (ವೃತ್ತಿಪರ ಕ್ಲಬ್ಬುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದು) ಎರಡು ಕ್ಲಬ್ಬಿನ ಸ್ಕೌಟ್‌ಗಳು, ಅಂದರೆ ಆಟಗಾರರನ್ನು ಹುಡುಕುವವರು, ಪ್ರಶ್ನಾವಳಿ ಕಳಿಸಿದ್ದಾರೆ. ಒಬ್ಬ ಅಡ್ವೈಸರ್ (ಏಜೆಂಟ್ ಇದ್ದ ಹಾಗೆ) "ಐದನೇ ರೌಂಡಿನೊಳಗೆ ಹೋಗುತ್ತಾನೆ, ನನ್ನ ಕೈಗೆ ಬಿಡಿ" ಎನ್ನುತ್ತಿದ್ದಾರೆ. ಶಾಲೆಯ ಕೋಚ್ "ಮೂರು ವರ್ಷ ಕಾಲೇಜಿನಲ್ಲಿ ಆಡಲಿ" ಎನ್ನುತ್ತಾರೆ. ಯಾರನ್ನು ನಂಬಬೇಕು? ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಫ್ರಿಸ್ಕೊ ಶಾರ್ಟ್‌ಸ್ಟಾಪ್ ಅಪ್ಪ
ಅಡ್ವೈಸರ್ ಮಾತು ಪಕ್ಕಕ್ಕಿಡಿ, ಅಂಕಿ ನೋಡಿ. ನಮ್ಮ ಮಗನ ವಿಷಯ ಹೇಳುತ್ತೇನೆ. 60 ಗಜದ ಓಟ 6.7 ಸೆಕೆಂಡ್. ಬ್ಯಾಟಿನಿಂದ ಚೆಂಡು ಹೊರಡುವ ವೇಗ 97 ಮೈಲಿ. ಅದೂ ಮರದ ಬ್ಯಾಟಿನಲ್ಲಿ, ಶಾಲೆಯ ಲೋಹದ ಬ್ಯಾಟಿನಲ್ಲಿ ಅಲ್ಲ. ಅಂಕಿಗೆ ನೆಂಟಸ್ತಿಕೆ ಇಲ್ಲ. ಹುಡುಗ ಕಪ್ಪೋ ಬಿಳಿಯೋ ಕಂದೋ, ಸ್ಟಾಪ್‌ವಾಚ್‌ಗೆ ಗೊತ್ತಾಗುವುದಿಲ್ಲ.

ಖರ್ಚು ಕೇಳಿ. ಟ್ರಾವೆಲ್ ತಂಡದ (ಊರೂರು ತಿರುಗಿ ಟೂರ್ನಿ ಆಡುವ ಖಾಸಗಿ ತಂಡ) ಫೀಸು ವರ್ಷಕ್ಕೆ 4,200 ಡಾಲರ್. ಯೂನಿಫಾರ್ಮ್ ಬೇರೆ. ಬ್ಯಾಟ್ 450, ಎರಡನೇ ತಿಂಗಳಲ್ಲೇ ಬಿರುಕು ಬಿಟ್ಟಿತು. ವಾರಂಟಿ ಇದೆ ಅಂತ ಕಳಿಸಿದರೆ ಹೊಸದು ಬರುವಷ್ಟರಲ್ಲಿ ಸೀಸನ್ನೇ ಮುಗಿದಿತ್ತು, ಮಧ್ಯದಲ್ಲಿ ಇನ್ನೊಂದು ಕೊಂಡೆವು. ಹೋಟೆಲಂತೂ ಕೇಳಲೇ ಬೇಡಿ. ಟೂರ್ನಿ ನಡೆಸುವವರು ಹೇಳಿದ ಹೋಟೆಲಿನಲ್ಲೇ ಇಳಿಯಬೇಕು, ಇಲ್ಲದಿದ್ದರೆ ತಂಡಕ್ಕೆ ಪ್ರವೇಶ ಇಲ್ಲ. ಪಕ್ಕದ ಬೀದಿಯಲ್ಲಿ 95 ಡಾಲರ್‌ಗೆ ರೂಮು ಇದ್ದರೂ 189 ಕೊಟ್ಟಿದ್ದೇವೆ. ಅಪ್ಪ ಅಮ್ಮ ಗೇಟಿನಲ್ಲಿ ಟಿಕೆಟ್ ತಗೊಂಡು ಮಗನ ಆಟ ನೋಡಬೇಕು.

ಡ್ರಾಫ್ಟಿಗೆ ಮುಂಚೆ ಸ್ಕೌಟ್ ಮನೆಗೆ ಬಂದು "ಎಷ್ಟು ಕೊಟ್ಟರೆ ಸೈನ್ ಮಾಡುತ್ತೀರಿ" ಅಂದರು. ನಾಲ್ಕು ವರ್ಷದ ಕಾಲೇಜು ಖರ್ಚಿನ ಮೇಲೆ ಒಂದಷ್ಟು ಸೇರಿಸಿ ಹೇಳಿದೆವು. ಯಾರೂ ಆರಿಸಲಿಲ್ಲ. ಮಗ ಕಾಲೇಜಿಗೆ ಹೋದ. ಆಗ ಕಾಲೇಜು ಆಟದ ಮೇಲಿನ ದರ್ಜೆಯಾದ 'ಡಿವಿಷನ್ 1'ರ ತಂಡಕ್ಕೆ 11.7 ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ಹಣ ಮಾತ್ರ, ಅದನ್ನೇ 27 ಹುಡುಗರಿಗೆ ಹಂಚಬೇಕಿತ್ತು. ನಮಗೆ ಸಿಕ್ಕಿದ್ದು ಕಾಲು ಭಾಗ. ಉಳಿದದ್ದು ನಮ್ಮ ಜೇಬಿನಿಂದ. ಆದರೂ ಇವತ್ತು ಅವನ ಕೈಯಲ್ಲಿ ಎಂಜಿನಿಯರಿಂಗ್ ಡಿಗ್ರಿ ಇದೆ. ಹದಿನೆಂಟಕ್ಕೇ ಮಗನನ್ನು ಮೈನರ್ ಲೀಗಿನ (ಮೇಜರ್ ಲೀಗಿಗಿಂತ ಕೆಳಗಿನ ವೃತ್ತಿಪರ ಆಟ) ಬಸ್ಸಿಗೆ ಹತ್ತಿಸುವವರಿಗೆ ಓದಿನ ಬೆಲೆ ಗೊತ್ತಿಲ್ಲ ಅಂತಲೇ ನನ್ನ ಅಭಿಪ್ರಾಯ.

ಸ್ಯಾಕ್ರಮೆಂಟೊ ಅಮ್ಮ
ಫ್ರಿಸ್ಕೊ ಅವರೇ, ಕೊನೆಯ ವಾಕ್ಯ ನಮ್ಮಂಥವರಿಗೇ ಬರೆದದ್ದು ಅಂತ ತಿಳಿದುಕೊಂಡೇ ಉತ್ತರ ಕೊಡುತ್ತೇನೆ.

ನಮ್ಮ ಮಗ 2021ರಲ್ಲಿ ಹೈಸ್ಕೂಲಿನಿಂದಲೇ ಸೈನ್ ಮಾಡಿದ. ಹತ್ತನೇ ರೌಂಡ್ ದಾಟಿದ ಮೇಲೆ ಆರಿಸಿದರು. ಆಗ ಕ್ಲಬ್ಬಿನ ಬೋನಸ್ ಪೂಲಿಗೆ (ಡ್ರಾಫ್ಟಿನ ಹುಡುಗರಿಗೆ ಕೊಡಲು ಇರುವ ಒಟ್ಟು ಮಿತಿ) ಕೈ ಹಾಕದೆ ಕೊಡಬಹುದಾದ ಮಿತಿ 1,25,000 ಡಾಲರ್, ಅಷ್ಟನ್ನೇ ಕೊಟ್ಟರು. ಲೆಕ್ಕ ಬರೆಯುತ್ತೇನೆ, ಯಾರೂ ಮುಂಚೆ ಹೇಳುವುದಿಲ್ಲ. ಫೆಡರಲ್ ತೆರಿಗೆಗೆ 22 ಶೇಕಡಾ ಹಿಡಿದರು, ಅದೇ 27,500. ಅಡ್ವೈಸರ್‌ಗೆ 5 ಶೇಕಡಾ, 6,250. ಮೇಲೆ ಸೋಷಿಯಲ್ ಸೆಕ್ಯುರಿಟಿ, ಕ್ಯಾಲಿಫೋರ್ನಿಯಾ ತೆರಿಗೆ. ಕೈಗೆ ಬಂದದ್ದು 70 ಸಾವಿರದ ಆಸುಪಾಸು. ಆ ವರ್ಷ ಮೈನರ್ ಲೀಗಿನ ಕೆಳಗಿನ ಎ ಮಟ್ಟದಲ್ಲಿ ಸಂಬಳ ವಾರಕ್ಕೆ 500, ಅದೂ ಸೀಸನ್ ನಡೆಯುವಾಗ ಮಾತ್ರ. ವಸತಿಯನ್ನು ಕ್ಲಬ್ಬುಗಳು ಕೊಡಲು ಶುರು ಮಾಡಿದ್ದು 2022ರಲ್ಲಿ. ಅಲ್ಲಿಯವರೆಗೆ ನಾಲ್ಕು ಹುಡುಗರು ಗಾಳಿ ಹಾಸಿಗೆ ಹಾಕಿಕೊಂಡು ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದರು. 2023ರ ಒಪ್ಪಂದದ ನಂತರ ಅದೇ ಮಟ್ಟಕ್ಕೆ ವರ್ಷಕ್ಕೆ 26,200 ಆಯಿತು.

ಮೂರು ಸೀಸನ್ ಆಡಿದ. ಆಮೇಲೆ ಕ್ಲಬ್ಬಿನವರು ಅವನನ್ನು ಕೈಬಿಟ್ಟರು. ಈಗ ಕಾಲೇಜಿನಲ್ಲಿದ್ದಾನೆ, ಫೀಸನ್ನು ಕ್ಲಬ್ಬೇ ಕಟ್ಟುತ್ತಿದೆ. ಸೈನ್ ಮಾಡುವಾಗಲೇ ಒಪ್ಪಂದದಲ್ಲಿ ಕಾಲೇಜು ಹಣ ಬರೆಸಿಕೊಂಡಿದ್ದೆವು. ಆಟ ಬಿಟ್ಟ ಎರಡು ವರ್ಷದೊಳಗೆ ಸೇರಬೇಕು, ಸೇರಿದ. ಮಗ ದುಡಿದು ಓದುತ್ತಿದ್ದಾನೆ. ನಿಮ್ಮ ಹಾಗೆ ಮುಕ್ಕಾಲು ಫೀಸು ನಾವು ಕಟ್ಟಲಿಲ್ಲ. ಓದಿನ ಬೆಲೆ ಗೊತ್ತಿಲ್ಲದವರು ಯಾರು?

ಎಡಿಸನ್ ಪಿಚ್ಚರ್ ಅಮ್ಮ
ನೀವಿಬ್ಬರೂ ದುಡ್ಡಿನ ಮಾತಾಡುತ್ತಿದ್ದೀರಿ. ನಾನು ಮೊಣಕೈಯ ಮಾತಾಡುತ್ತೇನೆ. ಕೇಳಿದವರ ಮಗ ಪಿಚ್ಚರ್.

ನಮ್ಮವನಿಗೆ ಹದಿನಾರಕ್ಕೇ 88 ಬರುತ್ತಿತ್ತು. 90 ಮುಟ್ಟಿದರೆ ಮಾತ್ರ ಸ್ಕೌಟ್ ತಲೆ ಎತ್ತುತ್ತಾನೆ ಅಂತ ಚಳಿಗಾಲವೆಲ್ಲ ಭಾರದ ಚೆಂಡು ಎಸೆಸಿದರು. ತರಬೇತಿ ಕೇಂದ್ರಕ್ಕೆ ತಿಂಗಳಿಗೆ 350 ಡಾಲರ್. ಸ್ಕೌಟ್‌ಗಳಿಗೆ ಆಟ ತೋರಿಸುವ ಶೋಕೇಸ್‌ನಲ್ಲಿ ಬೇಲಿಯ ಹಿಂದೆ ಸಾಲಾಗಿ ರಾಡಾರ್ ಗನ್. ಹುಡುಗ ಚೆಂಡು ಬಿಟ್ಟು ಮೊದಲು ನೋಡುವುದು ಕ್ಯಾಚರ್ ಕಡೆಗಲ್ಲ, ಆ ಗನ್‌ಗಳ ಕಡೆಗೆ. ಪಿಚ್ ಸ್ಮಾರ್ಟ್ ಮಾರ್ಗಸೂಚಿಯಲ್ಲಿ 17-18ರವರಿಗೆ ದಿನಕ್ಕೆ 105 ಎಸೆತ ಮಿತಿ, 81 ಅಥವಾ ಅದಕ್ಕಿಂತ ಜಾಸ್ತಿ ಎಸೆದರೆ ನಾಲ್ಕು ದಿನ ವಿಶ್ರಾಂತಿ. ಸರಿ. ಆದರೆ ಗುರುವಾರ ಶಾಲೆಯ ಪಂದ್ಯ, ಭಾನುವಾರ ಟ್ರಾವೆಲ್ ತಂಡ. ಇವರ ಪುಸ್ತಕ ಅವರು ನೋಡುವುದಿಲ್ಲ. ಎರಡನ್ನೂ ಕೂಡಿಸುವವರು ಯಾರು? ನಾನು ಕೂಡಿಸಿ ಕೋಚ್‌ಗೆ ತೋರಿಸಿದರೆ "ಹೆದರಬೇಡಿ ಅಮ್ಮ, ಗಟ್ಟಿ ಹುಡುಗ" ಅಂದರು.

ಟಾಮಿ ಜಾನ್ ಆಪರೇಷನ್ ಆಯಿತು. ಮಣಿಕಟ್ಟಿನ ಟೆಂಡನ್ ತೆಗೆದು ಮೊಣಕೈಗೆ ಹಾಕಿದರು. ಇನ್ಶೂರೆನ್ಸಿನ ಡಿಡಕ್ಟಿಬಲ್ (ಮೊದಲು ನಾವೇ ಕಟ್ಟಬೇಕಾದ ಪಾಲು) 6,000 ಪೂರ್ತಿ ಹೋಯಿತು. ಫಿಸಿಯೊಗೆ ಪ್ರತಿ ಸಲ 45. ಜನವರಿ ಬಂದ ತಕ್ಷಣ ಡಿಡಕ್ಟಿಬಲ್ ಮತ್ತೆ ಸೊನ್ನೆಯಿಂದ. ಪಂದ್ಯಕ್ಕೆ ಮರಳಲು ವರ್ಷಕ್ಕಿಂತ ಜಾಸ್ತಿ ಹಿಡಿಯಿತು, ಅಷ್ಟರಲ್ಲಿ ಡ್ರಾಫ್ಟ್ ದಾಟಿ ಹೋಗಿತ್ತು. ಪ್ರಶ್ನಾವಳಿ ಕಳಿಸಿದ್ದ ಸ್ಕೌಟ್‌ಗಳಲ್ಲಿ ಒಬ್ಬರೂ ಫೋನ್ ಮಾಡಿ ಹೇಗಿದ್ದಾನೆ ಅಂತ ಕೇಳಲಿಲ್ಲ. ಈ ವೇಗದ ಹುಚ್ಚಿನಿಂದಲೇ ಗಾಯ ಹೆಚ್ಚುತ್ತಿದೆ ಅಂತ 2024ರ ಡಿಸೆಂಬರ್‌ನಲ್ಲಿ ಎಂಎಲ್‌ಬಿಯ (ಮೇಜರ್ ಲೀಗ್ ಬೇಸ್‌ಬಾಲ್) ವರದಿಯೇ ಬೆರಳು ತೋರಿಸಿತು. ಅದನ್ನು ನಾನು ಅಡುಗೆಮನೆಯಲ್ಲಿ ನಿಂತು ಓದಿ ಅತ್ತಿದ್ದೇನೆ. ಅಂಕಿಗೆ ನೆಂಟಸ್ತಿಕೆ ಇಲ್ಲವಂತೆ. ಅಂಕಿಗೆ ಕರುಣೆಯೂ ಇಲ್ಲ ಸಾರ್.

ಟ್ಯಾಂಪಾ ಬರ್ಡ್ ಡಾಗ್
ನಾನು ಒಬ್ಬ ಏರಿಯಾ ಸ್ಕೌಟ್‌ಗೆ ಸಹಾಯಕ. ಸಂಬಳ ಇಲ್ಲ, ಪೆಟ್ರೋಲ್ ಹಣವೂ ಇಲ್ಲ. ಪ್ರೀತಿಗೆ ಮಾಡುತ್ತೇನೆ. ಮಂಗಳವಾರ ಆಫೀಸು ಮುಗಿಸಿ ಮೈದಾನಕ್ಕೆ ಹೋಗಿ ಏಳು ಇನ್ನಿಂಗ್ಸ್ ಕೂತು ನೋಡುತ್ತೇನೆ.

ಫ್ರಿಸ್ಕೊ ಅವರು ಹೇಳಿದ ಅಂಕಿಗಳೆಲ್ಲ ಬೇಕು. ಆದರೆ ಅವು ಹುಡುಗನ ಇವತ್ತಿನ ಮಟ್ಟ. ಸ್ಕೌಟ್ 20-80 ಅಳತೆಯಲ್ಲಿ ಎರಡು ಅಂಕ ಬರೆಯುತ್ತಾನೆ, ಇವತ್ತಿನದು ಒಂದು, ಮುಂದಿನದು ಒಂದು. 50 ಅಂದರೆ ಮೇಜರ್ ಲೀಗಿನ ಸರಾಸರಿ. ಅಲ್ಲಿ ಈಗ ಫಾಸ್ಟ್‌ಬಾಲ್ ಸರಾಸರಿ 94ರ ಹತ್ತಿರ, ಹಾಗಾಗಿ ಬಲಗೈಯ 91ಕ್ಕೆ ಇವತ್ತು 50 ಬೀಳುವುದಿಲ್ಲ. ಅವನು 22ಕ್ಕೆ ಏನಾಗುತ್ತಾನೆ ಅನ್ನುವುದೇ ಪ್ರಶ್ನೆ. ಶೋಕೇಸ್‌ನಲ್ಲಿ ಒಂದು ಇನ್ನಿಂಗ್ಸ್ ಮೈಮುರಿದು ಎಸೆದ 93ಕ್ಕಿಂತ ಐದನೇ ಇನ್ನಿಂಗ್ಸಿನಲ್ಲಿ, ಎರಡು ರನ್ ಬಿಟ್ಟ ಮೇಲೆ, ಅದೇ ಕೈಚಳಕದಿಂದ ಎಸೆದ 90 ನನಗೆ ಜಾಸ್ತಿ ಹೇಳುತ್ತದೆ. ಅವನ ಎರಡನೇ ಬಗೆಯ ಎಸೆತ ಯಾವುದು? ಕರ್ವ್ (ಬಾಗುವ ಎಸೆತ) ಎಸೆಯುವಾಗ ತೋಳು ನಿಧಾನವಾಗುತ್ತದೆಯೇ? ಎರರ್ ಮಾಡಿದ ಗೆಳೆಯನ ಕಡೆ ಹೇಗೆ ನೋಡುತ್ತಾನೆ? ಇವನ್ನು ಯಂತ್ರ ಅಳೆಯುವುದಿಲ್ಲ.

ವಯಸ್ಸೂ ಮುಖ್ಯ. 2023ರಲ್ಲಿ ಬ್ಲೂ ಜೇಸ್ 20ನೆಯವನಾಗಿ ಆರಿಸಿದ ಅರ್ಜುನ್ ನಿಮ್ಮಲಗೆ ಆಗ ಇನ್ನೂ 17. ಅದೇ ಆಟವನ್ನು 19ರ ಹುಡುಗ ಆಡಿದರೆ ಅದೇ ಬೆಲೆ ಬರುವುದಿಲ್ಲ. ಇನ್ನೊಂದು, ಮೈಕಟ್ಟು. ಸ್ಕೌಟ್ ಮನೆಗೆ ಬಂದಾಗ ಅಪ್ಪನ ಭುಜ, ಎತ್ತರ ನೋಡುತ್ತಾನೆ. ನಮ್ಮ ಮನೆಗಳ ಹುಡುಗರು ಇಲ್ಲಿ ಹಿಂದೆ ಬೀಳುತ್ತಾರೆ. ಮೊಸರನ್ನ ತಿಂದು 95 ಎಸೆಯುವುದು ಕಷ್ಟ.

ಸ್ಯಾಕ್ರಮೆಂಟೊ ಅಮ್ಮ
ಟ್ಯಾಂಪಾ ಅವರೇ, ಊಟದ ಸುದ್ದಿಗೆ ಬರಬೇಡಿ. ಹೋಟೆಲ್ ರೂಮಿನಲ್ಲಿ ರೈಸ್ ಕುಕ್ಕರ್ ಇಟ್ಟು ಮೊಸರನ್ನ, ಹುಳಿಯನ್ನ ಮಾಡಿ ಕೊಟ್ಟವಳು ನಾನು. ಮಗ 6 ಅಡಿ 2 ಅಂಗುಲ. ಬೆಳಿಗ್ಗೆ ಹೆಸರುಬೇಳೆ, ಪನ್ನೀರ್, ಹಾಲು, ಮೇಲೆ ಪ್ರೋಟೀನ್ ಪುಡಿ, ತಿಂಗಳಿಗೆ 60 ಡಾಲರ್. ಅವನನ್ನು ಬಿಟ್ಟದ್ದು ಸ್ಲೈಡರ್ (ಪಕ್ಕಕ್ಕೆ ಜಾರುವ ಎಸೆತ) ಹೊಡೆಯಲಾಗದೆ, ಮೊಸರನ್ನದಿಂದ ಅಲ್ಲ.

ಟ್ಯಾಂಪಾ ಬರ್ಡ್ ಡಾಗ್
ಸ್ಕೌಟ್‌ಗಳು ಬರೆದುಕೊಳ್ಳುವುದನ್ನು ಹೇಳಿದೆ ಅಮ್ಮ. ಅದು ಗೊತ್ತಿದ್ದರೆ ಒಳ್ಳೆಯದು ಅಲ್ವಾ?

ಫ್ರಿಸ್ಕೊ ಶಾರ್ಟ್‌ಸ್ಟಾಪ್ ಅಪ್ಪ
ಅಂದರೆ ಅಪ್ಪನ ಭುಜ ನೋಡಿ ಮಗನಿಗೆ ಅಂಕ! ಇದಕ್ಕೇ ನಾನು ಅಂಕಿ ಸಾಕು ಅನ್ನುವುದು. ಕಣ್ಣಿನಿಂದ ಅಳೆಯುವವರೇ ಆಲ್ಬರ್ಟ್ ಪುಹೋಲ್ಸ್‌ನಂಥ ದಿಗ್ಗಜನನ್ನು 1999ರಲ್ಲಿ 13ನೇ ರೌಂಡಿನವರೆಗೆ ಬಿಟ್ಟರು. ಇನ್ನೊಬ್ಬ ದಿಗ್ಗಜ ಮೈಕ್ ಪಿಯಾಝಾ 1988ರಲ್ಲಿ 62ನೇ ರೌಂಡ್. ಈಗ ಇರುವುದೇ 20 ರೌಂಡ್, ಅಂಥವನನ್ನು ಇವತ್ತು ಯಾರು ಕರೆಯುತ್ತಾರೆ?

ಎಡಿಸನ್ ಪಿಚ್ಚರ್ ಅಮ್ಮ
ಎಂಆರ್‌ಐ ವಿಷಯ ಯಾರೂ ಎತ್ತಲಿಲ್ಲ. 2014ರಲ್ಲಿ ಆಸ್ಟ್ರೋಸ್ ಬ್ರೇಡಿ ಏಕೆನ್‌ನನ್ನು ಮೊದಲನೆಯವನಾಗಿ ಆರಿಸಿ, ಮೊಣಕೈ ಪರೀಕ್ಷೆ ಆದ ಮೇಲೆ ಹಣ ಇಳಿಸಿದರು. ಅವನು ಸೈನ್ ಮಾಡಲಿಲ್ಲ. ಮರುವರ್ಷ ಆಪರೇಷನ್. ಕುಮಾರ್ ರಾಕರ್‌ನನ್ನು 2021ರಲ್ಲಿ ಮೆಟ್ಸ್ ಹತ್ತನೆಯವನಾಗಿ ಆರಿಸಿ, ವೈದ್ಯಕೀಯ ವರದಿ ನೋಡಿ ಕೈಬಿಟ್ಟರು. ಕಾಗದ ಅವರ ಕೈಗೆ ಹೋದ ಮೇಲೆ ಹುಡುಗ ಅವರ ಕೈಯಲ್ಲಿ.

ಸ್ಯಾಕ್ರಮೆಂಟೊ ಅಮ್ಮ
ಅದೇ ರಾಕರ್‌ನನ್ನು ಮರುವರ್ಷ ರೇಂಜರ್ಸ್ ಮೂರನೆಯವನಾಗಿ ಆರಿಸಿ 52 ಲಕ್ಷ ಡಾಲರ್ ಕೊಟ್ಟರು. ಅರ್ಧ ಕಥೆ ಹೇಳಬೇಡಿ.

ಎಡಿಸನ್ ಪಿಚ್ಚರ್ ಅಮ್ಮ
ನಿಮ್ಮ ಮಗನ ಮೊಣಕೈ ಸರಿಯಾಗಿತ್ತು, ಅದಕ್ಕೆ ಪೂರ್ತಿ ಕಥೆ ಕಾಣುತ್ತದೆ.

ಡಾಲಸ್ ಕ್ರಿಕೆಟ್ ಚಿಕ್ಕಪ್ಪ
ಇಷ್ಟೆಲ್ಲ ಒದ್ದಾಟ ಯಾಕೆ? 2023ರಿಂದ ಇಲ್ಲೇ ಮೇಜರ್ ಲೀಗ್ ಕ್ರಿಕೆಟ್ ಇದೆ. ಗ್ರ್ಯಾಂಡ್ ಪ್ರೇರಿ ಮೈದಾನವೇ ಮೊದಲು ಬೇಸ್‌ಬಾಲಿನದು, ಈಗ ಕ್ರಿಕೆಟಿನದು. ಒಳ್ಳೆ ತೋಳು ಇದ್ದರೆ ಬೌಲಿಂಗ್ ಕಲಿಸಿ.

ಫ್ರಿಸ್ಕೊ ಶಾರ್ಟ್‌ಸ್ಟಾಪ್ ಅಪ್ಪ
ಚಿಕ್ಕಪ್ಪ, ಹತ್ತು ವರ್ಷ ಮೊಣಕೈ ಮಡಿಸಿ ಎಸೆದವನಿಗೆ ತೋಳು ನೆಟ್ಟಗೆ ಇಟ್ಟು ಬೌಲ್ ಮಾಡು ಅಂದರೆ ಆಗುತ್ತದೆಯೇ? ಕೇಳಿದ್ದಕ್ಕೆ ಉತ್ತರ ಕೊಡಿ. ನಮ್ಮ ಮಗನ ಉಪನಯನವನ್ನೇ ಎರಡು ಟೂರ್ನಿಗಳ ನಡುವೆ ಮುಹೂರ್ತ ಹುಡುಕಿ ಮಾಡಿದವರು ನಾವು. ಸುಮ್ನೆ ಒದ್ದಾಟ ಅನ್ನಬೇಡಿ.

ಡಾಲಸ್ ಕ್ರಿಕೆಟ್ ಚಿಕ್ಕಪ್ಪ
ಅದಕ್ಕೇ ಸಂಘದ ಯುಗಾದಿಗೂ ಬರಲಿಲ್ಲ, ರಾಜ್ಯೋತ್ಸವಕ್ಕೂ ಬರಲಿಲ್ಲ. ಮೆಂಬರ್‌ಶಿಪ್ ಹಣ ಮಾತ್ರ ವಾಪಸ್ ಕೇಳಿದಿರಿ.

ಫ್ರಿಸ್ಕೊ ಶಾರ್ಟ್‌ಸ್ಟಾಪ್ ಅಪ್ಪ
ಆ ವಿಷಯ ಇಲ್ಲಿ ಬೇಡ. ಕಮಿಟಿಯಲ್ಲಿ ಮಾತಾಡೋಣ, ರಸೀದಿ ಇಟ್ಟುಕೊಂಡಿದ್ದೇನೆ.

ಟ್ಯಾಂಪಾ ಬರ್ಡ್ ಡಾಗ್
ಅಟ್ಲಾಂಟಾ ಅವರೇ, ನಿಮ್ಮ ಹುಡುಗನ ಬಗ್ಗೆ ಯಾರೂ ಏನೂ ಕೇಳಲಿಲ್ಲ, ನಾನು ಕೇಳುತ್ತೇನೆ. ಹುಟ್ಟಿದ ತಿಂಗಳು ಯಾವುದು? ಎತ್ತರ, ತೂಕ ಎಷ್ಟು? ಹೋದ ವರ್ಷ ಇದೇ ಹೊತ್ತಿಗೆ ವೇಗ ಎಷ್ಟಿತ್ತು? ಐದನೇ ಇನ್ನಿಂಗ್ಸಿನಲ್ಲಿ ಎಷ್ಟಕ್ಕೆ ಇಳಿಯುತ್ತದೆ? ಎಡಿಸನ್ ಅಮ್ಮ ಹೇಳಿದ ಹಾಗೆ ಶಾಲೆಯದ್ದೂ ಟ್ರಾವೆಲ್ ತಂಡದ್ದೂ ಎಸೆತ ಕೂಡಿಸಿ ಬರೆದಿಟ್ಟಿದ್ದರೆ ಅದನ್ನೂ ಕಳಿಸಿ. ಆ ಅಡ್ವೈಸರ್ ಇವುಗಳಲ್ಲಿ ಒಂದನ್ನಾದರೂ ಕೇಳಿದ್ದಾರೆಯೇ?