ಪದಚರ್ಚೆ: ಲುವಾ ಟೇಬಲ್‌ನ 'ಕೀ'ಗೆ 'ಗುರುತು' ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಸಾಗರದಲ್ಲಿ ಡಿಗ್ರಿ ಓದುವ ಹುಡುಗರಿಗೆ ಲುವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತಿದ್ದೇನೆ, ಕನ್ನಡದಲ್ಲೇ. ಲುವಾದಲ್ಲಿ ಮಾಹಿತಿ ಜೋಡಿಸಿಡಲು ಇರುವುದು ಟೇಬಲ್ ಒಂದೇ. ಹಾಗಾಗಿ 'ಕೀ' (ಯಾವ ಹೆಸರಿನಿಂದ ಹುಡುಕುತ್ತೇವೋ ಅದು), 'ವ್ಯಾಲ್ಯೂ' (ಅದರ ಎದುರಿಗೆ ಇಟ್ಟ ಮಾಹಿತಿ) ಮಾತುಮಾತಿಗೂ ಬರುತ್ತವೆ. ಇವಕ್ಕೆ ಕನ್ನಡದಲ್ಲಿ ಏನನ್ನೋಣ?

'ಕೀಲಿ' ಇದೆ. ಆದರೆ ಕೀಲಿಮಣೆ ಆಗಲೇ ಬಳಕೆಯಲ್ಲಿದೆ. "ಕೀಲಿ ಸರಿ ಇದೆಯಾ ನೋಡು" ಅಂದರೆ ಹುಡುಗರು ಬೆರಳ ಕೆಳಗಿನ ಗುಂಡಿ ನೋಡುತ್ತಾರೆ. ನನಗೆ 'ಗುರುತು' ಜಾಸ್ತಿ ಒಪ್ಪುತ್ತದೆ. ಯಾಕೆ ಅಂತ ಹೇಳುತ್ತೇನೆ.

ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ದರಕ್ಕೆ ಒಂದು ಟೇಬಲ್ ಮಾಡಿದ್ದೆವು. ರಾಶಿ, ಬೆಟ್ಟೆ, ಸರಕು, ಗೊರಬಲು ಅನ್ನುವ ಅಡಿಕೆಯ ಬಗೆಗಳು ಕೀ. ಎದುರಿಗಿನ ದರ ವ್ಯಾಲ್ಯೂ. ಉಳಿದವೆಲ್ಲ ಸರಿ, ಗೊರಬಲಿನ ದರ ಕೇಳಿದರೆ ಮಾತ್ರ 'ನಿಲ್', ಅಂದರೆ ಏನೂ ಇಲ್ಲ ಅನ್ನುವ ಉತ್ತರ, ಬರುತ್ತಿತ್ತು. ದರ ನೋಡಿದರೆ ಟೇಬಲ್‌ನಲ್ಲಿ ಕಣ್ಣೆದುರೇ ಇದೆ! ಕೊನೆಗೆ # ಹಾಕಿ ಟೇಬಲ್‌ನಲ್ಲಿರುವ ಪದ, ನಾವು ಕೇಳಿದ ಪದ ಎರಡರ ಉದ್ದವನ್ನೂ ನೋಡಿದೆವು. ಒಂದು 18 ಬೈಟ್, ಇನ್ನೊಂದು 21. 'ಗೊ'ದಲ್ಲಿರುವ ಒತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ಎತ್ವಕ್ಕೆ ಊಕಾರದ ಕೊಂಬು ಸೇರಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಲುವಾ ಹೋಲಿಸುವುದು ಬೈಟ್‌ಗಳನ್ನು. ಒಬ್ಬ ಹುಡುಗ ತಾನಾಗಿಯೇ ಹೇಳಿದ: "ಹಂಗಾದ್ರೆ ಅದಕ್ಕೆ ಗುರುತು ಸಿಗ್ಲಿಲ್ಲ ಸಾರ್." ಇಷ್ಟು ಸಲೀಸಾಗಿ 'ಕೀಲಿ' ಮಾತಿನೊಳಗೆ ಕೂರುವುದಿಲ್ಲ.

ಅಂಕಿಗಳಲ್ಲೂ ಇದೇ ಪಾಡು. ಕಡತದಿಂದ ಸಾಲುಸಾಲಾಗಿ ಓದಿದ "7" ಪಠ್ಯ, ನಾವು ಬರೆದ 7 ಸಂಖ್ಯೆ. ಟೇಬಲ್‌ಗೆ ಇವು ಎರಡು ಬೇರೆ ಗುರುತುಗಳು. ಮೊದಲೇ ಟುನಂಬರ್ ಬಳಸಿ ಸಂಖ್ಯೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ನಿಲ್.

ವ್ಯಾಲ್ಯೂಗೆ ಶಾಲೆಯ ಗಣಿತದ 'ಬೆಲೆ'ಯೇ ಸಾಕು ಅನ್ನಿಸುತ್ತದೆ. ಅಡಿಕೆ ದರದಂಥ ಕಡೆ ಸ್ವಲ್ಪ ಗೊಂದಲ, ಅಷ್ಟೇ.

ನನಗೆ ಕಷ್ಟವಾಗಿರುವುದು 'ನಿಲ್'. 'ಸೊನ್ನೆ', 'ಖಾಲಿ' ಎರಡೂ ಬೇಡ. ಲುವಾದಲ್ಲಿ ಷರತ್ತು ಹಾಕಿ ನೋಡಿದರೆ 0 ಕೂಡ ನಿಜ, ಖಾಲಿ ಪಠ್ಯವೂ ನಿಜ. ನಿಲ್ ಹಾಗಲ್ಲ. ಗುರುತಿಗೆ ನಿಲ್ ಕೊಟ್ಟರೆ ಆ ಗುರುತೇ ಟೇಬಲ್‌ನಿಂದ ಹೋಗುತ್ತದೆ. ಗೊರಬಲಿಗೆ ಇವತ್ತು ದರ ಸೊನ್ನೆ ಅನ್ನುವುದೂ, ಗೊರಬಲು ಇವತ್ತು ಮಾರುಕಟ್ಟೆಗೇ ಬಂದಿಲ್ಲ ಅನ್ನುವುದೂ ಒಂದೇ ಅಲ್ಲ, ಅಲ್ವಾ? ಸುಮ್ನೆ 'ಇಲ್ಲ' ಅನ್ನೋಣ ಅಂದರೆ, "ಇಲ್ಲ ಬಂತು", "ಇಲ್ಲವನ್ನು ಕೊಡು" ಅಂತ ವಾಕ್ಯ ತೊಡಕಾಗುತ್ತದೆ. ಇದಕ್ಕೆ ನಿಮ್ಮ ಕಡೆ ಯಾವ ಪದ ನಡೆಯುತ್ತಿದೆ? ವಾಕ್ಯದಲ್ಲಿ ಬಳಸಿ ತೋರಿಸಿದರೆ ಉಪಕಾರವಾಗುತ್ತದೆ.