ಮನೆ ಮಾರಿ ದೋಣಿ ತಗೊಳ್ಳೋಣ ಅಂತಿದ್ದಾರೆ ನಮ್ಮವರು

ಮೋರ್ಟನ್ ತೀರದವಳು, ಬ್ರಿಸ್ಬೇನ್
ಎಲ್ಲರಿಗೂ ನಮಸ್ಕಾರ. ಇದನ್ನು ಇಲ್ಲಿ ಬರೆಯಲೋ ಬೇಡವೋ ಅಂತ ಮೂರು ದಿನ ಯೋಚಿಸಿದೆ. ನಮ್ಮ ಮನೆಯವರಿಗೆ ಎರಡು ವರ್ಷದಿಂದ ಹಾಯಿದೋಣಿಯ ಹುಚ್ಚು. ಶನಿವಾರ ಮ್ಯಾನ್ಲಿ ಹಾರ್ಬರಿಗೆ ಹೋಗಿ ಕಲಿತು ಬರುತ್ತಿದ್ದರು, ನಾನೂ ಸುಮ್ನಿದ್ದೆ. ಈಗ ಮನೆ ಮಾರಿ 42 ಅಡಿಯ ಕ್ಯಾಟಮರಾನ್ ತಗೊಂಡು ಎರಡು ವರ್ಷ ಅದರಲ್ಲೇ ಇರೋಣ ಅಂತಿದ್ದಾರೆ. ಅದೇ, ಕೆಳಗೆ ಎರಡು ಹೊಟ್ಟೆ ಇರುವ ದೋಣಿ. ಮಗಳಿಗೆ 9 ವರ್ಷ, ಮಗನಿಗೆ 5. ಮೊದಲು ಕ್ವೀನ್ಸ್‌ಲ್ಯಾಂಡ್ ಕರಾವಳಿ, ಆಮೇಲೆ ನ್ಯೂ ಕ್ಯಾಲೆಡೋನಿಯಾ, ವನವಾಟು ದ್ವೀಪಗಳು ಅಂತೆ.

ನನ್ನ ಪ್ರಶ್ನೆ ಮೂರು. ಬರುವ ಏಪ್ರಿಲ್‌ಗೆ ಇಲ್ಲಿಗೆ ಬಂದು ನಾಲ್ಕು ವರ್ಷ, ಆಗ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಬೇಕು ಅಂತಿದ್ದೆವು. ಈಗಲೇ ಹೊರಟರೆ ಅದಕ್ಕೆ ತೊಂದರೆಯಾ? ಮಕ್ಕಳ ಸ್ಕೂಲು ಏನು? ಐದು ವರ್ಷದ ಹುಡುಗನನ್ನು ನೀರಿನ ಮಧ್ಯೆ ಹೇಗೆ ಕಾಯೋದು? ನನಗೆ ಈಜು ಬರಲ್ಲ.

ಊರಲ್ಲಿ ಅತ್ತೆಗೆ ಇನ್ನೂ ಹೇಳಿಲ್ಲ. ನಮ್ಮ ಗೃಹಪ್ರವೇಶದ ವಿಡಿಯೋವನ್ನು ಇವತ್ತಿಗೂ ಮನೆಗೆ ಬಂದವರಿಗೆಲ್ಲ ತೋರಿಸುತ್ತಾರೆ ಅವರು.

ಮೆಲ್ಬರ್ನ್ ಮಾಮ
ಮನೆ ಮಾರಬೇಡಿ. ಬಾಡಿಗೆಗೆ ಕೊಡಿ. ನಾನು 2009ರಲ್ಲಿ ಮಾರಿದ ಮನೆಯ ಇವತ್ತಿನ ರೇಟು ನೋಡಿದ ದಿನ ನನಗೆ ಊಟ ಸೇರಲ್ಲ. ದೋಣಿ ವಿಷಯ ನನಗೆ ಗೊತ್ತಿಲ್ಲ. ಮನೆ ಮಾತ್ರ ಮಾರಬೇಡಿ.

ಪರ್ತ್ ಪಾರಿಜಾತ
ತಂಗಿ, ನಿಮ್ಮ ಪೋಸ್ಟ್ ಓದಿ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳಲ್ಲ. ನಮ್ಮವರದು ಗಣಿ ಕೆಲಸ. ಎರಡು ವಾರ ಅಲ್ಲಿ, ಒಂದು ವಾರ ಮನೆ. ಹೀಗೇ ಹನ್ನೊಂದು ವರ್ಷ ಕಳೆಯಿತು. ಮಗನ ಮೊದಲ ಹಲ್ಲು ಬಿದ್ದದ್ದು, ಅವನು ಸೈಕಲ್ ಕಲಿತದ್ದು ಎಲ್ಲ ಅಪ್ಪ ಫೋನಿನಲ್ಲೇ ನೋಡಿದ್ದು. ಈಗ ಅಪ್ಪ ಮನೆಯಲ್ಲೇ ಇದ್ದಾರೆ, ಮಗ ರೂಮಿನ ಬಾಗಿಲು ಹಾಕಿಕೊಂಡಿರುತ್ತಾನೆ. ನಿಮ್ಮವರು ಮಕ್ಕಳ ಜೊತೆ ಎರಡು ವರ್ಷ ಇರ್ತೀನಿ ಅಂತಿದ್ದಾರಲ್ಲ, ಅದು ಸಣ್ಣ ಮಾತಲ್ಲ.

ಇನ್ನೊಂದು ನೆನಪಾಯಿತು. 2017ರಲ್ಲಿ ನಮ್ಮ ನೌಕಾಪಡೆಯ ಆರು ಹೆಣ್ಣುಮಕ್ಕಳು ತಾರಿಣಿ ದೋಣಿಯಲ್ಲಿ ಭೂಮಿ ಸುತ್ತಲು ಹೊರಟು ಫ್ರೀಮ್ಯಾಂಟಲ್‌ಗೆ ಬಂದಿದ್ದರು. ನಾವೆಲ್ಲ ಹೋಗಿ ನೋಡಿದ್ದೆವು. ದೋಣಿ ಎಷ್ಟು ಚಿಕ್ಕದು ಅಂದರೆ, ನಾನು ಅದರ ಪಕ್ಕ ನಿಂತು ಇಷ್ಟೇನಾ ಅಂದೆ.

ಶಿವಮೊಗ್ಗ ಟು ಸಿಡ್ನಿ
ಕ್ಷಮಿಸಿ ಮೇಡಂ, ಖಾರವಾಗಿಯೇ ಹೇಳುತ್ತೇನೆ. ಇದು ಶೋಕಿ. ಇಲ್ಲಿಯವರು ಮಾಡಲಿ, ಅವರಿಗೆ ಬಿದ್ದರೆ ಎತ್ತೋಕೆ ಅಪ್ಪ, ಅಜ್ಜ ಮಾಡಿಟ್ಟ ಆಸ್ತಿ ಇದೆ. ನಮಗೇನಿದೆ? ನಾನು 1998ರಲ್ಲಿ ಎರಡು ಸೂಟ್‌ಕೇಸ್ ಹಿಡಿದು ಬಂದವನು. ರಾತ್ರಿ ಪಾಳಿಯಲ್ಲಿ ಆಫೀಸುಗಳ ಕಸ ಗುಡಿಸಿದ್ದೇನೆ. ಮಗಳಿಗೆ ಪರೀಕ್ಷೆ ಬರೆದು ಸೇರುವ ಸೆಲೆಕ್ಟಿವ್ ಸ್ಕೂಲು ಸಿಗಲಿ ಅಂತ ನಾಲ್ಕು ವರ್ಷ ಒಂದು ಪಿಕ್ಚರ್ ನೋಡಿಲ್ಲ. ಇವತ್ತು ಮೆಡಿಸಿನ್ ಮೂರನೇ ವರ್ಷ. ಒಂಬತ್ತನೇ ವಯಸ್ಸು ಅಂದರೆ ಬುನಾದಿ ಹಾಕುವ ವಯಸ್ಸು. ಆಗ ಮೀನು ಹಿಡಿಯೋಕೆ ಕರೆದುಕೊಂಡು ಹೋದರೆ ಮುಂದೆ ಆ ಮಗು ನಿಮ್ಮನ್ನೇ ಕೇಳುತ್ತದೆ. ಮಕ್ಕಳಿಗೆ ಬೇರು ಬೇಕು. ಗೆಳೆಯರು, ಭಾನುವಾರದ ಕನ್ನಡ ಶಾಲೆ, ಗಣೇಶನ ಹಬ್ಬಕ್ಕೆ ಹೋಗಲು ಹತ್ತು ಮನೆ. ತೇಲುವ ಮನೆಗೆ ಎಲ್ಲಿಯ ಬೇರು?

ಅಡಿಲೇಡ್ ಲೆಕ್ಕ
ಮೊದಲ ಪ್ರಶ್ನೆಗೆ ಉತ್ತರ. ಅರ್ಜಿ ಹಾಕುವ ದಿನದಿಂದ ಹಿಂದಕ್ಕೆ ಎಣಿಸಿ ನಾಲ್ಕು ವರ್ಷ ಕಾನೂನುಬದ್ಧವಾಗಿ ಇಲ್ಲಿ ಇದ್ದಿರಬೇಕು. ಕೊನೆಯ 12 ತಿಂಗಳು ಪಿಆರ್, ಅಂದರೆ ಕಾಯಂ ನಿವಾಸಿ ಆಗಿರಬೇಕು. ನಾಲ್ಕು ವರ್ಷದಲ್ಲಿ ದೇಶದ ಹೊರಗೆ ಕಳೆದದ್ದು ಒಟ್ಟು 12 ತಿಂಗಳು ಮೀರಬಾರದು, ಕೊನೆಯ ವರ್ಷದಲ್ಲಿ 90 ದಿನ ಮೀರಬಾರದು. ಊರಿಗೆ ಮದುವೆ, ಉಪನಯನ ಅಂತ ಹೋದ ದಿನಗಳೂ ಇದರಲ್ಲೇ ಸೇರುತ್ತವೆ. ಕ್ವೀನ್ಸ್‌ಲ್ಯಾಂಡ್ ಕರಾವಳಿಯಲ್ಲಿ ಲಂಗರು ಹಾಕಿಕೊಂಡಿದ್ದರೆ ನೀವು ದೇಶದ ಒಳಗೇ ಇದ್ದೀರಿ, ತೊಂದರೆ ಇಲ್ಲ. ಬಂದರಿನಲ್ಲಿ ದೇಶ ಬಿಡುವ ಕ್ಲಿಯರೆನ್ಸ್ ಮಾಡಿಸಿ ಹೊರಟ ಮೇಲೆ ಹೊರಗಿನ ದಿನಗಳ ಎಣಿಕೆ ಶುರು.

ಗಂಗೊಳ್ಳಿ ಗಾಳಿ, ಆಕ್ಲೆಂಡ್
ಸಿಡ್ನಿ ಸರ್, ಮೀನು ಹಿಡಿಯೋದು ಅಂದರೆ ಬುನಾದಿ ಇಲ್ಲದವರ ಕೆಲಸ ಅಂತಲಾ? ನಮ್ಮ ಮನೆಯಲ್ಲಿ ಮೂರು ತಲೆಮಾರು ಕಡಲಿಗೆ ಹೋದವರು. ಅಪ್ಪ ನನ್ನನ್ನು ಮಾತ್ರ ದೋಣಿ ಹತ್ತಿಸಲಿಲ್ಲ, ಓದು ಅಂದರು. ಓದಿದೆ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆಗೆ ರಜೆ ಇದ್ದಾಗ ಅಪ್ಪ ಜಗಲಿಯಲ್ಲಿ ಕೂತು ಬಲೆ ಸರಿ ಮಾಡುತ್ತಿದ್ದರು. ನಾನು ಪಕ್ಕದಲ್ಲೇ ಕೂತು ಸಿಇಟಿ ಪುಸ್ತಕ ಓದುತ್ತಿದ್ದೆ, ಒಂದು ಗಂಟು ಹಾಕೋದನ್ನೂ ಕೇಳಲಿಲ್ಲ. ಈಗ ಇಲ್ಲಿ ನನ್ನ ಮಗ ಯೂಟ್ಯೂಬ್ ನೋಡಿ ಗಂಟು ಹಾಕೋದು ಕಲಿಯುತ್ತಾನೆ. ಅಜ್ಜನಿಗೆ ಬರುತ್ತಿತ್ತಲ್ಲ ಅಂತ ಕೇಳಿದ. ಏನು ಹೇಳಲಿ?

ಟೆಕ್ಸಸ್ ತಾತ
ಒಂದು ವಿಷಯ ಎಲ್ಲರೂ ಮರೆತಿದ್ದೀರಿ. ಕ್ಯಾಟಮರಾನ್ ಅನ್ನೋದು ನಮ್ಮದೇ ಪದ. ಕಟ್ಟು, ಮರ. ಅಚ್ಚ ಕನ್ನಡ.

ಅಡಿಲೇಡ್ ಲೆಕ್ಕ
ತಮಿಳಿನ ಕಟ್ಟುಮರಂನಿಂದ ಬಂದದ್ದು ತಾತ. ಅದೂ ಮರದ ದಿಮ್ಮಿಗಳನ್ನು ಒಟ್ಟಿಗೆ ಕಟ್ಟಿದ ತೆಪ್ಪ. ಎರಡು ಹೊಟ್ಟೆಯ ದೋಣಿ ಪಾಲಿನೇಷ್ಯಾದವರದು. ಹೆಸರು ಒಂದು ಕಡೆಯದು, ದೋಣಿ ಇನ್ನೊಂದು ಕಡೆಯದು.

ಟೆಕ್ಸಸ್ ತಾತ
ಕಟ್ಟು ಕನ್ನಡ ಅಲ್ವಾ? ಮರ ಕನ್ನಡ ಅಲ್ವಾ?

ದೋಣಿಮನೆ, ಬಂಡಾಬರ್ಗ್
ನಾವು ಇದ್ದೆವು. 2018ರಿಂದ ಮೂರೂವರೆ ವರ್ಷ, 40 ಅಡಿಯ ಕ್ಯಾಟ್ (ಕ್ಯಾಟಮರಾನ್), ಆಗ ಮಕ್ಕಳಿಗೆ 7 ಮತ್ತು 4. ಇನ್‌ಸ್ಟಾಗ್ರಾಂನಲ್ಲಿ ನೋಡೋದು ದೋಣಿಯ ಮುಂಭಾಗದ ಬಲೆಯ ಮೇಲೆ ಮಲಗಿ ಡಾಲ್ಫಿನ್ ನೋಡುವ ಮಕ್ಕಳು. ಅದೂ ನಿಜ. ಉಳಿದದ್ದನ್ನು ಹೇಳುತ್ತೇನೆ.

ದಿನ ಹವಾಮಾನ ನೋಡೋದರಿಂದ ಶುರು. ಟೀ ಆಮೇಲೆ. ಟ್ಯಾಂಕಿನಲ್ಲಿ ಎಷ್ಟು ನೀರಿದೆ, ಬ್ಯಾಟರಿ ಎಷ್ಟಿದೆ ಅನ್ನೋದು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ, ನಾಲ್ಕು ವರ್ಷದವನಿಗೂ. ಉಪ್ಪುನೀರನ್ನು ಸಿಹಿ ಮಾಡುವ ನಮ್ಮ ಯಂತ್ರ ಗಂಟೆಗೆ 30 ಲೀಟರ್ ಕೊಡುತ್ತಿತ್ತು. ಪಾತ್ರೆ ಸಮುದ್ರದ ನೀರಲ್ಲಿ ತೊಳೆದು, ಕೊನೆಗೆ ಒಂದು ಲೋಟ ಸಿಹಿನೀರಲ್ಲಿ ಅದ್ದಿ ತೆಗೆಯೋದು. ದೋಸೆ ಹಿಟ್ಟು ಮಧ್ಯಾಹ್ನ 12ರಿಂದ 2ರೊಳಗೆ ರುಬ್ಬಬೇಕು, ಸೋಲಾರ್ ಜಾಸ್ತಿ ಬರೋದು ಆಗಲೇ. ಮೋಡ ಇದ್ದರೆ ಅವತ್ತು ಉಪ್ಪಿಟ್ಟು. ಅಲ್ಲಿಯ ಸೆಕೆಗೆ ಹಿಟ್ಟು ಸಂಜೆಯೊಳಗೆ ಉಬ್ಬಿ ಬರುತ್ತದೆ, ದೊಡ್ಡ ಡಬ್ಬದಲ್ಲೇ ಇಡಿ. ಕುಕ್ಕರ್ ಚಿನ್ನ ಇದ್ದ ಹಾಗೆ. ಗ್ಯಾಸ್ ಉಳಿಯುತ್ತದೆ, ಅಲೆಗೆ ಉರುಳಿದರೂ ಮುಚ್ಚಳ ಬಿಚ್ಚಿಕೊಂಡು ಸಾರು ಚೆಲ್ಲುವುದಿಲ್ಲ. ಸಿಲಿಂಡರ್ ಮಾತ್ರ ಒಳಗೆ ಇಡುವ ಹಾಗಿಲ್ಲ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿದು ಅಲ್ಲೇ ನಿಲ್ಲುತ್ತದೆ. ಅದಕ್ಕೇ ಹೊರಗೆ ಪ್ರತ್ಯೇಕ ಗೂಡು ಇರುತ್ತದೆ, ಅದರ ತಳದ ತೂತು ದೋಣಿಯ ಹೊರಕ್ಕೆ.

ಕ್ಯಾಟ್ ಒಂದು ಕಡೆ ವಾಲುವುದಿಲ್ಲ, ಲೋಟ ಮೇಜಿನ ಮೇಲೆ ನಿಲ್ಲುತ್ತದೆ ಅಂತ ಮಾರುವವರು ಹೇಳುತ್ತಾರೆ. ಹೌದು. ಆದರೆ ಎರಡು ಹೊಟ್ಟೆಗಳ ನಡುವೆ ಅಲೆ ನುಗ್ಗಿದಾಗ ಕೆಳಗಿನಿಂದ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗಾಗುತ್ತದೆ. ಮೊದಲ ರಾತ್ರಿ ನಾನು ಬಂಡೆಗೆ ಬಡಿದೆವು ಅಂತ ಎದ್ದು ಕೂತೆ. ಮಕ್ಕಳು ಪಕ್ಕಕ್ಕೆ ಹೊರಳಿ ಮತ್ತೆ ನಿದ್ದೆ.

ಮಗನ ವಿಷಯ. ಸುತ್ತಲೂ ಕಂಬಿಗೆ ಬಲೆ ಕಟ್ಟಿಸಿ. ದೋಣಿ ಚಲಿಸುವಾಗ ಹೊರಗೆ ಕಾಲಿಟ್ಟರೆ ಲೈಫ್‌ಜಾಕೆಟ್, ಅದಕ್ಕೆ ಹಗ್ಗ, ಹಗ್ಗಕ್ಕೆ ಕೊಕ್ಕೆ. ಇದರಲ್ಲಿ ಚೌಕಾಸಿ ಇಲ್ಲ. ಇಪರ್ಬ್ ಅನ್ನುವ ತುರ್ತು ಬೀಕನ್ ಎಲ್ಲಿದೆ, ರೇಡಿಯೋದಲ್ಲಿ ತುರ್ತು ಕರೆಯ 16ನೇ ಚಾನೆಲ್ ಹೇಗೆ ಹಾಕೋದು ಅಂತ ಮಗಳಿಗೂ ಕಲಿಸಿ. ಉತ್ತರಕ್ಕೆ ಹೋದರೆ ಮೊಸಳೆ, ವಿಷದ ಬಾಕ್ಸ್ ಜೆಲ್ಲಿಫಿಶ್ ಇವೆ, ಕಂಡಲ್ಲೆಲ್ಲ ನೀರಿಗಿಳಿಯುವ ಹಾಗಿಲ್ಲ. ನವೆಂಬರ್‌ನಿಂದ ಏಪ್ರಿಲ್ ಸೈಕ್ಲೋನ್ ಕಾಲ. ಆಗ ದಕ್ಷಿಣಕ್ಕೆ ಇಳಿಯಬೇಕು, ನಮ್ಮ ಇನ್ಶೂರೆನ್ಸಿನಲ್ಲೂ ಅದೇ ಷರತ್ತಿತ್ತು. ಖರ್ಚಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅಗಲ ಜಾಸ್ತಿ ಅಂತ ದೋಣಿ ನಿಲ್ಲಿಸುವ ಮರೀನಾದಲ್ಲಿ ಕ್ಯಾಟ್‌ಗೆ ಬಾಡಿಗೆ ಜಾಸ್ತಿ. ಏನಾದರೊಂದು ಸದಾ ಕೆಟ್ಟಿರುತ್ತದೆ.

ಸಿಡ್ನಿ ಸರ್ ಕನ್ನಡದ ಮಾತು ಎತ್ತಿದರು. ನಮ್ಮ ಮಕ್ಕಳಿಗೆ ಕನ್ನಡ ಚೆನ್ನಾಗಿ ಬಂದದ್ದೇ ದೋಣಿಯಲ್ಲಿ. ವಾರಗಟ್ಟಲೆ ಮಾತಾಡೋಕೆ ನಾವೇ ನಾಲ್ಕು ಜನ.

ಇನ್ನೊಂದು ಮಾತು, ಇದು ನಿಮಗೆ ಮಾತ್ರ. ಒಂಟಿತನ ಮಕ್ಕಳಿಗಲ್ಲ, ನನಗೆ ಬಂತು. ನಮ್ಮವರು ಇಂಜಿನ್ನಿನೊಳಗೆ ತಲೆ ಹಾಕಿದರೆ ಲೋಕ ಬೇಡ. ನಾನು ಮೊದಲ ಆರು ತಿಂಗಳು ಅಡುಗೆಯವಳು, ಟೀಚರು, ದೋಬಿ. ಆಮೇಲೆ ಹಟ ಹಿಡಿದು ದೋಣಿ ಓಡಿಸೋಕೆ ಕಲಿತೆ. ನೀವು ಹೊರಡುವ ಮುಂಚೆಯೇ ಕಲಿಯಿರಿ. ನಿಮ್ಮವರೇ ನೀರಿಗೆ ಬಿದ್ದರೆ ದೋಣಿ ತಿರುಗಿಸಿ ತಂದು ಎತ್ತಬೇಕಾದವರು ನೀವು.

ಶಿವಮೊಗ್ಗ ಟು ಸಿಡ್ನಿ
ನೋಡಿ, ಅವರೇ ಹೇಳಿದರು, ಒಂಟಿತನ. ನಾನು ಹೇಳಿದ್ದೂ ಅದೇ. ನಾಲ್ಕು ಜನ ನಾಲ್ಕು ಗೋಡೆ ಮಧ್ಯೆ ಮಾತಾಡೋದು ಸಂಸ್ಕೃತಿ ಅಲ್ಲ. ಸಮಾಜ ಬೇಕು. ನಮ್ಮ ಸಂಘದಲ್ಲಿ ನೂರು ಮಕ್ಕಳು ರಾಜ್ಯೋತ್ಸವಕ್ಕೆ ಹಾಡುತ್ತಾರೆ. ನನ್ನ ಮಗಳು ಭರತನಾಟ್ಯ ರಂಗಪ್ರವೇಶ ಮಾಡಿದಾಗ ಊರಿನಿಂದ 14 ಜನ ಬಂದಿದ್ದರು. ದೋಣಿಯಲ್ಲಿ ರಂಗಪ್ರವೇಶ ಮಾಡಿಸುತ್ತೀರಾ?

ಪರ್ತ್ ಪಾರಿಜಾತ
ಸರ್, ರಂಗಪ್ರವೇಶ ಆದ ಮಗಳು ಈಗ ವಾರಕ್ಕೆ ಎಷ್ಟು ಸಲ ಫೋನ್ ಮಾಡುತ್ತಾಳೆ? ಜಗಳಕ್ಕೆ ಕೇಳುತ್ತಿಲ್ಲ. ನಮ್ಮವನು ಮನೆಯಲ್ಲಿದ್ದೂ ಮಾತಾಡಲ್ಲ, ಅದಕ್ಕೆ ಕೇಳಿದೆ.

ಶಿವಮೊಗ್ಗ ಟು ಸಿಡ್ನಿ
ಅದು ಇಲ್ಲಿ ಅಪ್ರಸ್ತುತ.

ಗಂಗೊಳ್ಳಿ ಗಾಳಿ, ಆಕ್ಲೆಂಡ್
ಸಂಘ ಸಂಘ ಅಂತೀರಿ. ನಮ್ಮ ಕಡೆ ಸಂಘಕ್ಕೆ ಹೋದರೆ ಮೊದಲ ಪ್ರಶ್ನೆ ಯಾವ ಸಬರ್ಬ್, ಎರಡನೆಯದು ಎಷ್ಟು ಬೆಡ್‌ರೂಮ್.

ಮೆಲ್ಬರ್ನ್ ಮಾಮ
ಅದಕ್ಕೇ ಹೇಳೋದು, ಮನೆ ಮಾರಬೇಡಿ.

ಕೇನ್ಸ್ ಟೀಚರ್
ಸ್ಕೂಲಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅಂತ ಬರೆಯುತ್ತಿದ್ದೇನೆ. ಕ್ವೀನ್ಸ್‌ಲ್ಯಾಂಡಿನಲ್ಲಿ ಎರಡು ದಾರಿ. ಒಂದು, ರಾಜ್ಯದ ದೂರಶಿಕ್ಷಣ ಶಾಲೆಗೆ ಸೇರಿಸೋದು. ಪಾಠ ಅವರದು, ಟೀಚರ್ ಅವರದು, ಪಕ್ಕದಲ್ಲಿ ಕೂರೋದು ನೀವು. ಇನ್ನೊಂದು, ಮನೆಶಿಕ್ಷಣಕ್ಕೆ ನೋಂದಣಿ ಮಾಡಿಸೋದು. ಅದರಲ್ಲಿ ಪಾಠದ ಯೋಜನೆ ನಿಮ್ಮದು, ವರ್ಷಕ್ಕೊಮ್ಮೆ ವರದಿ ಕೊಡಬೇಕು. ಇದು ಈ ದೇಶಕ್ಕೆ ಹೊಸದಲ್ಲ. ದನ ಸಾಕುವ ದೊಡ್ಡ ಫಾರ್ಮ್‌ಗಳಲ್ಲಿ ದೂರದೂರ ಇರುವ ಮಕ್ಕಳಿಗೆ 1951ರಲ್ಲೇ ಆಲಿಸ್ ಸ್ಪ್ರಿಂಗ್ಸ್‌ನಿಂದ ರೇಡಿಯೋದಲ್ಲಿ ಪಾಠ ಶುರು ಮಾಡಿದವರು ಇವರು. ನನ್ನ ತರಗತಿಗೆ ದೋಣಿಯಿಂದ ವಾಪಸ್ ಬಂದ ಮಕ್ಕಳು ಸೇರಿದ್ದಾರೆ. ಓದು ಸರಿಯೇ ಇತ್ತು. ಗಂಟೆ ಹೊಡೆದಾಗ ಎದ್ದು ಹೋಗಬೇಕು ಅನ್ನೋದು ಮಾತ್ರ ಅವಕ್ಕೆ ತಲೆಗೆ ಹತ್ತಲು ಒಂದು ಟರ್ಮ್ ಬೇಕಾಯಿತು.

ಶಿವಮೊಗ್ಗ ಟು ಸಿಡ್ನಿ
ಓದು ಸರಿ ಇತ್ತು ಅಂದರೆ ಸಾಕಾ? ಸ್ಪರ್ಧೆ ಬೇಡವಾ? ನಾನು ಈ ಗುಂಪಿನಲ್ಲಿ ಹದಿನೈದು ವರ್ಷದಿಂದ ಇದ್ದೇನೆ. ಇಂಥ ಪೋಸ್ಟ್‌ಗೆ ಭೇಷ್ ಅನ್ನುವವರೇ ಜಾಸ್ತಿ ಆಗಿದ್ದಾರೆ.

ಟೆಕ್ಸಸ್ ತಾತ
ಮೊಮ್ಮಗಳನ್ನು ಕೇಳಿದೆ. ಡಿಕ್ಷನರಿಯಲ್ಲಿ ತಮಿಳು ಅಂತಲೇ ಇದೆಯಂತೆ. ಡಿಕ್ಷನರಿ ಬರೆದವರು ಮದ್ರಾಸಿಗೆ ಬಂದಿದ್ದರು, ಮಲ್ಪೆಗೆ ಬಂದಿರಲಿಲ್ಲ, ಅಷ್ಟೇ.

ಅಡ್ಮಿನ್
ದಯವಿಟ್ಟು ವಿಷಯಕ್ಕೆ ಬನ್ನಿ. ಯಾರ ಮಕ್ಕಳ ಬಗ್ಗೆಯೂ ವೈಯಕ್ತಿಕ ಮಾತು ಬೇಡ.

ಮೋರ್ಟನ್ ತೀರದವಳು, ಬ್ರಿಸ್ಬೇನ್
ಎಲ್ಲರಿಗೂ ಧನ್ಯವಾದ. ಸಿಡ್ನಿ ಸರ್ ಬರೆದದ್ದು ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಮಧ್ಯದಲ್ಲಿ ಯಾರೋ 90 ದಿನ ಅಂತ ಬರೆದಿದ್ದರಲ್ಲ, ಹುಡುಕಿದರೆ ಸಿಗುತ್ತಿಲ್ಲ. ಅದು ವನವಾಟು ಪ್ಲಾನಿಗೆ ತಾನೇ? ವಿಟ್‌ಸಂಡೇಸ್ ದ್ವೀಪಗಳಿಗೆ ಹೋದರೆ ಲೆಕ್ಕಕ್ಕೆ ಬರಲ್ಲ ಅಲ್ವಾ?

ಅಡಿಲೇಡ್ ಲೆಕ್ಕ
ಬರಲ್ಲ ಅಕ್ಕ, ಅದು ಕ್ವೀನ್ಸ್‌ಲ್ಯಾಂಡೇ. ಅರ್ಜಿ ಹಾಕಿ, ಪರೀಕ್ಷೆ, ಸಮಾರಂಭ ಎಲ್ಲ ಮುಗಿಸಿಕೊಂಡು ಆಮೇಲೆ ದೇಶ ದಾಟಿ. ನ್ಯೂ ಕ್ಯಾಲೆಡೋನಿಯಾ ಫ್ರಾನ್ಸಿನದು, ಇಂಡಿಯನ್ ಪಾಸ್‌ಪೋರ್ಟ್‌ಗೆ ವೀಸಾ ಬೇಕು, ಆಸ್ಟ್ರೇಲಿಯಾದ್ದಕ್ಕೆ ಬೇಡ. ಸಿಟಿಜನ್ ಆಗದೆ ಹೋಗುವುದಾದರೆ ಪಿಆರ್‌ನ ಐದು ವರ್ಷದ ಪ್ರಯಾಣದ ಅವಧಿ ಯಾವತ್ತು ಮುಗಿಯುತ್ತದೆ ಅಂತ ನೋಡಿಕೊಳ್ಳಿ. ಹೊರಗಿದ್ದಾಗ ಮುಗಿದರೆ ವಾಪಸ್ ಬರೋಕೆ ಇನ್ನೊಂದು ವೀಸಾ.

ದೋಣಿಮನೆ, ಬಂಡಾಬರ್ಗ್
ಎರಡು ವರ್ಷದ ಮಾತು ಆಮೇಲೆ. ಮೊದಲು ಒಂದು ವಾರ ಇದ್ದು ನೋಡಿ. ವಿಟ್‌ಸಂಡೇಸ್ ಪಕ್ಕದ ಏರ್ಲಿ ಬೀಚಿನಲ್ಲಿ ಕ್ಯಾಟ್ ಬಾಡಿಗೆಗೆ ಸಿಗುತ್ತದೆ, ಅಲ್ಲಿ ಬಾಡಿಗೆ ದೋಣಿಗೆ ಲೈಸೆನ್ಸ್ ಕೇಳುವುದಿಲ್ಲ, ಹೊರಡುವ ಮುಂಚೆ ಅವರೇ ಹೇಳಿಕೊಡುತ್ತಾರೆ. ಸಂಜೆಯೊಳಗೆ ಲಂಗರು ಹಾಕಿರಬೇಕು, ರೇಡಿಯೋದಲ್ಲಿ ದಿನಾ ಹಾಜರಿ. ಒಂದು ದಿನವಾದರೂ ಗಾಳಿ ಜೋರಿರಲಿ ಅಂತ ಬೇಡಿಕೊಳ್ಳಿ. ಬಿಸಿಲಲ್ಲಿ ಎಲ್ಲರಿಗೂ ಇಷ್ಟವಾಗುತ್ತದೆ.

ಮೋರ್ಟನ್ ತೀರದವಳು, ಬ್ರಿಸ್ಬೇನ್
ಸೆಪ್ಟೆಂಬರ್ ರಜೆಗೆ ಒಂದು ವಾರ ಹೋಗೋಣ ಅಂತ ಇವರಿಗೆ ಹೇಳಿದೆ, ಒಪ್ಪಿದರು. ದೊಡ್ಡವರ ಈಜು ಕ್ಲಾಸಿಗೆ ನನ್ನ ಹೆಸರು ಕೊಟ್ಟು ಬಂದೆ, ಮಂಗಳವಾರ ಸಂಜೆ. ಮಗಳು ಅದೇ ಕೊಳದಲ್ಲಿ ಲೆವೆಲ್ ಐದು, ನನ್ನನ್ನು ಗುರುತು ಸಿಗದ ಹಾಗೆ ಬಾ ಅಂದಿದ್ದಾಳೆ. ಅತ್ತೆಗೆ ರಜೆಗೆ ಹೋಗುತ್ತಿದ್ದೇವೆ ಅಂತಷ್ಟೇ ಹೇಳಿದ್ದೇನೆ.

ಮೆಲ್ಬರ್ನ್ ಮಾಮ
ಒಳ್ಳೇದಾಯಿತಮ್ಮ. ಮನೆ?

ಮೋರ್ಟನ್ ತೀರದವಳು, ಬ್ರಿಸ್ಬೇನ್
ಮಾರಿಲ್ಲ ಮಾಮ. ಇವರು ಈ ಚರ್ಚೆ ಪೂರ್ತಿ ಓದಿದರು. ಬೇರು, ಸ್ಪರ್ಧೆ ಯಾವುದಕ್ಕೂ ಮಾತಿಲ್ಲ. ದೋಣಿಮನೆ ಅಕ್ಕನನ್ನು ಒಂದು ಕೇಳು ಅಂದರು: ಮಿಕ್ಸಿ ಓಡಿಸೋಕೆ ಇನ್ವರ್ಟರ್ ಎಷ್ಟು ವ್ಯಾಟ್ ಇಟ್ಟಿದ್ದಿರಿ?

ದೋಣಿಮನೆ, ಬಂಡಾಬರ್ಗ್
2000. ವೆಟ್ ಗ್ರೈಂಡರ್ ಕರೆಂಟ್ ಕಮ್ಮಿ ತಿನ್ನುತ್ತದೆ ಅಂತ ಆಸೆಪಟ್ಟು ತರಬೇಡಿ. ನಾವು ತಂದಿದ್ದೆವು. ಕಲ್ಲು ಒಂದು ರಾತ್ರಿ ಕಳಚಿಕೊಂಡು ಬೆಳಗಿನವರೆಗೆ ನೆಲದ ಮೇಲೆ ಆ ಕಡೆ ಈ ಕಡೆ ಉರುಳಾಡಿತು. ಕತ್ತಲಲ್ಲಿ ಅದನ್ನು ಹಿಡಿಯೋಕೆ ಯಾರಿಗೂ ಧೈರ್ಯ ಇರಲಿಲ್ಲ.