ಸಹಾಯ ಬೇಕು: ಡುಕ್ವಿಟ್ಜ್ ಪಾಠದಲ್ಲಿ ಒಂದು ಕಡೆ ನಿಂತುಬಿಟ್ಟಿದ್ದೇನೆ

ಎಲ್ಲರಿಗೂ ನಮಸ್ಕಾರ. ಒಂಬತ್ತನೇ ಕ್ಲಾಸಿನ ಮಕ್ಕಳಿಗಾಗಿ ಜರ್ಮನ್ ರಾಜತಾಂತ್ರಿಕ ಗೆಯೋರ್ಗ್ ಡುಕ್ವಿಟ್ಜ್ ಬಗ್ಗೆ ಬರೆಯುತ್ತಿದ್ದೇನೆ. 1932ರಲ್ಲೇ ನಾಜಿ ಪಕ್ಷ ಸೇರಿದವರು. ಆದರೆ 1943ರಲ್ಲಿ, ಜರ್ಮನಿಯ ವಶದಲ್ಲಿದ್ದ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿದ್ದಾಗ, ನಾಜಿಗಳು ಯಹೂದಿಗಳನ್ನು ಹಿಡಿಯಲು ಬರುತ್ತಾರೆಂಬ ಸುದ್ದಿಯನ್ನು ಡೆನ್ಮಾರ್ಕಿನ ನಾಯಕ ಹಾನ್ಸ್ ಹೆಡ್‌ಟಾಫ್ಟ್‌ಗೆ ಮುಂಚೆಯೇ ಮುಟ್ಟಿಸಿದರು. 7,000ಕ್ಕೂ ಜಾಸ್ತಿ ಜನ ದೋಣಿ ಹತ್ತಿ ಸ್ವೀಡನ್ ಸೇರಿ ಬದುಕಿಕೊಂಡರು. ಎಂಥ ಧೈರ್ಯ ಅಲ್ವಾ! 1961ರಿಂದ 1965ರವರೆಗೆ ಭಾರತದಲ್ಲಿ ಪಶ್ಚಿಮ ಜರ್ಮನಿಯ ರಾಯಭಾರಿಯೂ ಆಗಿದ್ದರು.

ತೊಡಕು ಇಲ್ಲಿದೆ. ಯಹೂದಿಗಳ ಮೇಲೆ ಕ್ರಮ ಆಗಬೇಕೆಂದು ಸೆಪ್ಟೆಂಬರ್ 8ರಂದು ಬರ್ಲಿನ್‌ಗೆ ತಂತಿ ಕಳಿಸಿದ್ದು, ಡೆನ್ಮಾರ್ಕಿನಲ್ಲಿದ್ದ ಜರ್ಮನ್ ಮುಖ್ಯಸ್ಥ ವೆರ್ನರ್ ಬೆಸ್ಟ್. 11ರಂದು ಅದನ್ನು ಡುಕ್ವಿಟ್ಜ್‌ಗೆ ಹೇಳಿದ್ದೂ ಅದೇ ಬೆಸ್ಟ್! ನೋಟ್‌ಬುಕ್ಕಿನಲ್ಲಿ ಎರಡೂ ತಾರೀಕು ಬರೆದು ನಡುವೆ ಕೆಂಪು ಗೆರೆ ಎಳೆದಿದ್ದೇನೆ. ಗೆರೆಯ ಮೇಲೆ ಏನು ಬರೆಯಲಿ? ಲೈಬ್ರರಿಯ ಮೂರು ಪುಸ್ತಕ ಓದಿದೆ, ಒಂದೊಂದು ಒಂದೊಂದು ಕಾರಣ ಹೇಳುತ್ತದೆ. ಜರ್ಮನ್ ಲೇಖನಗಳನ್ನು ಮೊಬೈಲಿನಲ್ಲಿ ಅನುವಾದ ಮಾಡಿ ನೋಡಿದೆ, ತಲೆಬುಡ ತಿಳಿಯಲಿಲ್ಲ.

ಇತಿಹಾಸ ಓದಿದವರು, ಜರ್ಮನ್ ಬಲ್ಲವರು ದಯವಿಟ್ಟು ಹೇಳಿ: ‘ಬೆಸ್ಟ್ ಬೇಕಂತಲೇ ಸುದ್ದಿ ಬಿಟ್ಟುಕೊಟ್ಟ’ ಎಂದು ಮಕ್ಕಳಿಗೆ ಬರೆಯಬಹುದಾ, ಇಲ್ಲ ಸುಮ್ನೆ ‘ಹೇಳಿದ’ ಅಂತ ನಿಲ್ಲಿಸಲಾ?